ಅಮೃತ ಇಲ್ಲದ ಫೋಟೊ

ಮಳವಳ್ಳಿ
21-11-2024

ನನ್ನ ಮೇಲೆ ಮುನಿಸಿಕೊಂಡಿರುವ ಅಮೃತಳಿಗೆ,

ಕವರಿನ ಮೇಲೆ ನನ್ನ ಅಕ್ಷರ ನೋಡಿದ ಕೂಡಲೇ ಹರಿದು ಬಿಸಾಕಬೇಡ. ಹರಿಯುವುದಾದರೆ ಓದಿ ಹರಿ. ನಾಲ್ಕು ವರ್ಷದಿಂದ ನನ್ನ ನಂಬರನ್ನು ಬ್ಲಾಕ್ ಮಾಡಿಟ್ಟಿದ್ದೀಯ, ಅದಕ್ಕೇ ಈ ಪತ್ರ. ಸುತ್ತಿ ಬಳಸಿ ಹೇಳಲು ಹೋದರೆ ನನಗೆ ಧೈರ್ಯ ಉಳಿಯುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ನಿಮ್ಮವ್ವ ತೀರಿಕೊಂಡರು ಕಣೇ. ಇದೇ ಹತ್ತನೇ ತಾರೀಕು ಬೆಳಗ್ಗೆ. ನಿನ್ನೆ ತಿಥಿಯೂ ಮುಗಿಯಿತು.

ನಿನಗೆ ಯಾರೂ ಹೇಳಕೂಡದು ಅಂತ ನಿಮ್ಮಪ್ಪನ ಕಟ್ಟಪ್ಪಣೆಯಂತೆ. ನನಗೇ ಗೊತ್ತಾಗಿದ್ದು ಮೂರನೇ ದಿನ, ನಿನ್ನ ತಮ್ಮ ಶಿವರಾಜು ತಲೆ ಬೋಳಿಸಿಕೊಂಡು ನಮ್ಮ ಮನೆ ಬಾಗಿಲಲ್ಲಿ ನಿಂತಾಗ. ತಿಥಿಗೆ ಅವ್ವನ ಫೋಟೊ ಬೇಕು ಅಂದ. ನಾನು ಮಗುವೊಂದರ ಪಾಸ್‌ಪೋರ್ಟ್ ಫೋಟೊ ತೆಗೆಯುತ್ತಿದ್ದೆ. ಕೈಯಲ್ಲಿ ಕ್ಯಾಮೆರಾ ಹಿಡಿದುಕೊಂಡೇ ಯಾವ ಅವ್ವ ಅಂತ ಕೇಳಿದೆ ನೋಡು, ಅಂಥ ಪೆದ್ದಿ ನಾನು. ಎದೆನೋವು ಅಂತ ಮಂಡ್ಯದ ಆಸ್ಪತ್ರೆಗೆ ಸೇರಿಸಿದ್ದರಂತೆ. ಎರಡು ದಿನ ಅಲ್ಲೇ ಇದ್ದರಂತೆ. ಅದೇ ಊರಿನಲ್ಲಿರುವ ನಿನ್ನ ಮನೆಗೂ ಆ ಆಸ್ಪತ್ರೆಗೂ ಎಷ್ಟು ದೂರವೋ ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ಈಗ ಆ ಫೋಟೊದ ವಿಷಯ. ನೀನು ನನ್ನನ್ನು ಬಿಟ್ಟಿದ್ದು ಅದಕ್ಕೇ ಅಲ್ಲವೇ.

ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಸ್ಟುಡಿಯೊ ಶುರುವಾದ ದಿನ ಬೆಳಕು ಹಿಡಿಯಲು ಥರ್ಮಾಕೋಲ್ ಶೀಟ್ ಎತ್ತಿಕೊಂಡು ನಿಂತವಳು ನೀನು. ಗಿರಾಕಿ ಬಂದರೆ ನಮ್ಮತ್ತೆ ಪಟ್ಟಲಮ್ಮ ಟಿವಿ ಆರಿಸಿ, ಒಗ್ಗರಣೆ ಹಾಕುವುದನ್ನೂ ನಿಲ್ಲಿಸಿ ಅಡುಗೆಮನೆಯಲ್ಲಿ ಉಸಿರು ಬಿಗಿಹಿಡಿದು ಕೂರುತ್ತಿದ್ದರು. ನೀನು ಅವರನ್ನು ಅಣಕಿಸಿ ನಗುತ್ತಿದ್ದೆ. ಆ ಕೋಣೆಯಲ್ಲೇ ನಿಮ್ಮ ನಾಲ್ಕು ಜನರ ಫೋಟೊ ತೆಗೆದದ್ದು. ನಿಮ್ಮಪ್ಪ ಕುರ್ಚಿಯಲ್ಲಿ, ಶಿವರಾಜು ಅವರ ಪಕ್ಕ ನಿಂತು, ನೀನು ಸ್ಟೂಲಿನ ಮೇಲೆ. ಹಿಂದೆ ನಿಂತ ನಿಮ್ಮವ್ವನಿಗೆ ಕೈ ಎಲ್ಲಿಡಬೇಕು ಅಂತಲೇ ತಿಳಿಯಲಿಲ್ಲ. ಸೆರಗು ಹಿಡಿದರು, ಬಿಟ್ಟರು, ಮತ್ತೆ ಹಿಡಿದರು. ನಾನೇ ಅವರ ಎಡಗೈ ತೆಗೆದು ನಿನ್ನ ಹೆಗಲ ಮೇಲಿಟ್ಟೆ. ಆಮೇಲೆ ಅಲುಗಾಡಲೇ ಇಲ್ಲ.

ನೀನು ಪುನೀತ್‌ನ ಜೊತೆ ಹೋದ ಮೇಲೆ ನಿನ್ನನ್ನು ಆ ಫೋಟೊದಿಂದ ತೆಗೆದುಹಾಕು ಅಂತ ನಿಮ್ಮ ಮನೆಯಿಂದ ನನಗೆ ಹೇಳಿಕೆ ಬಂತು. ನಾನು ತೆಗೆದೆ. ಹೌದು, ನಾನೇ. ಪುನೀತ್ ನಮ್ಮ ಕೇರಿಯವನು. ನಿಮ್ಮಿಬ್ಬರಿಗೂ ಪರಿಚಯವಾದದ್ದು ಗೆಜ್ಜಲಗೆರೆಯ ಫ್ಯಾಕ್ಟರಿ ಬಸ್ಸಿನಲ್ಲಿ. ಆದರೂ ನಿಮ್ಮೂರಿನವರು ನನ್ನ ಹೆಸರನ್ನೂ ಸೇರಿಸಿಯೇ ಮಾತಾಡಿದರು. ನಿಮ್ಮವರ ಮದುವೆ, ಸೀಮಂತ, ನಾಮಕರಣಗಳಿಂದಲೇ ನಮ್ಮ ಮನೆಯ ಒಲೆ ಉರಿಯುತ್ತಿದ್ದದ್ದು. ಹೆದರಿಕೆ ಇರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ.

ಹಿಂದಿನ ಪರದೆ ಬರೀ ನೀಲಿ. ನಿನ್ನನ್ನು ತೆಗೆಯುವುದು ಹತ್ತು ನಿಮಿಷದ ಕೆಲಸ. ಆದರೆ ನಿಮ್ಮವ್ವನ ಕೈ ಉಳಿದುಬಿಟ್ಟಿತು. ಹೆಗಲೇ ಇಲ್ಲದ ಕಡೆ ಗಾಳಿಯಲ್ಲಿ ನಿಂತ ಕೈ. ಕೈಯನ್ನೂ ಅಳಿಸಿ ನೋಡಿದೆ, ಅವರು ಮೊಂಡುಗೈಯವರ ಹಾಗೆ ಕಂಡರು. ಕೊನೆಗೆ ನಿಮ್ಮಪ್ಪ ಕೂತ ಕುರ್ಚಿಯಂಥದೇ ಇನ್ನೊಂದು ಖಾಲಿ ಕುರ್ಚಿ ಕೂರಿಸಿ, ಅದರ ಬೆನ್ನ ಮೇಲೆ ಕೈ ಇಟ್ಟ ಹಾಗೆ ಮಾಡಿದೆ. ಅಷ್ಟಕ್ಕೆ ಮೂರು ಗಂಟೆ ಹಿಡಿಯಿತು. ಮಾಡುತ್ತಾ ಅಳುತ್ತಿದ್ದೆ ಅಂತ ಹೇಳಿದರೆ ನೀನು ನಂಬುವುದಿಲ್ಲ, ಬಿಡು.

ನಾಲ್ಕು ತಿಂಗಳಾದ ಮೇಲೆ ಶಿವರಾಜು ಹಬ್ಬದ ದಿನ ಹಾಕಿದ ಸ್ಟೇಟಸ್ಸಿನಲ್ಲಿ ಗೋಡೆ ಮೇಲಿನ ಆ ಫೋಟೊ ಕಂಡು ನನಗೆ ಫೋನ್ ಮಾಡಿದೆಯಲ್ಲ. “ನಮ್ಮಪ್ಪನಿಗಂತೂ ಬುದ್ಧಿ ಇಲ್ಲ, ನಿನ್ನ ಕೈಗೇನಾಗಿತ್ತೇ?” ಅಂತ ಕೇಳಿದೆ. ಅಂಥ ಫೋಟೊ ಕೆಳಗೆ ಕೂತು ಉಣ್ಣುವ ಅವ್ವ ನನಗೂ ಬೇಡ, ಹೋಗಿ ಹೇಳು ಅಂತಲೂ ನೀನು ಅಂದೆ. ಅದನ್ನು ನಾನು ಅವರಿಗೆ ಹೇಳಲಿಲ್ಲ ಅಮೃತ. ನೀನು ಚೆನ್ನಾಗಿದ್ದೀಯ, ಅವ್ವ ಊಟ ಮಾಡ್ತಾಳಾ ಅಂತ ನೀನೇ ಕೇಳಿದೆ, ಅಂತ ನಾನು ಅವರಿಗೆ ಹೇಳಿದೆ. ಆಮೇಲೆ ಪ್ರತಿ ಸಲವೂ ಏನಾದರೊಂದು ಹೊಸ ಸುಳ್ಳು ಸೇರಿಸಬೇಕಾಗುತ್ತಿತ್ತು.

ಪ್ರತಿ ಸಲ ಅಂದೆ. ನಿಮ್ಮವ್ವ ತಿಂಗಳಿಗೊಮ್ಮೆ ಬರುತ್ತಿದ್ದರು. ಮನೆಯಲ್ಲಿ ಬ್ಯಾಂಕಿಗೆ ಅಂತ ಹೇಳಿ ಬಸ್ಸು ಹತ್ತಿ ಮಳವಳ್ಳಿಗೆ ಬಂದು, ಚಪ್ಪಲಿಯನ್ನು ಯಾರಿಗೂ ಕಾಣದ ಹಾಗೆ ಒಳಗೆ ತಂದಿಟ್ಟು, ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ಹಳೆಯ ಫೋಟೊ, ನೀನಿರುವ ಫೋಟೊ, ನನ್ನ ಹತ್ತಿರವೇ ಇತ್ತು. ನಿಮ್ಮ ಮನೆಯವರು ನಮ್ಮ ಮನೆಯಲ್ಲಿ ನೀರೂ ಮುಟ್ಟಿದವರಲ್ಲ. ನಿಮ್ಮವ್ವ ನಮ್ಮತ್ತೆ ಕೊಟ್ಟ ಕಾಫಿ ಕುಡಿದು, ಲೋಟ ತಾವೇ ತೊಳೆಯಲು ಹೋಗಿ ಬೈಸಿಕೊಳ್ಳುತ್ತಿದ್ದರು. “ಇನ್ನೊಸಿ ದೊಡ್ಡದು ಮಾಡವ್ವ” ಅನ್ನುತ್ತಿದ್ದರು. ನಾನು ದೊಡ್ಡದು ಮಾಡುತ್ತಾ ಹೋದರೆ ನಿನ್ನ ಮುಖ ಚೌಕ ಚೌಕವಾಗಿ ಒಡೆದುಹೋಗುತ್ತಿತ್ತು. ಆಗ ಸಾಕು ಸಾಕು ಅಂದು ಕೈ ಮುಂದೆ ಮಾಡುತ್ತಿದ್ದರು.

ನಿನ್ನ ವಿಳಾಸವನ್ನು ಶಿವರಾಜು ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದನಂತೆ. ಮನೆಯಲ್ಲಿ ಇಟ್ಟುಕೊಳ್ಳಲು ಹೆದರಿ ನಿಮ್ಮವ್ವ ಅದನ್ನು ನನ್ನ ಬೀರುವಿನಲ್ಲಿ ಇಡಿಸಿದ್ದರು. ಮಂಡ್ಯದ ಬಸ್ಸಿನಲ್ಲಿ ನಿಮ್ಮೂರಿನವರು ನಾಲ್ಕು ಜನ ಇದ್ದೇ ಇರುತ್ತಾರೆ, ಅವರ ಕಣ್ಣು ತಪ್ಪಿಸಿ ಹೋಗುವುದು ಹೇಗೆ ಅನ್ನುವುದು ನಿಮ್ಮವ್ವನ ಚಿಂತೆ. ಈ ಸಲ ಗೌರಿ ಹಬ್ಬಕ್ಕೆ ಮೊದಲು ಬಂದವರು, ಬಾಗಿನ ಕೊಡಬೇಕು, ಅವಳನ್ನು ಇಲ್ಲಿಗೇ ಕರೆಸು, ಫೋಟೊ ತೆಗೆಸಲು ಬಂದ ಹಾಗೆ ಬಂದು ಹೋಗಲಿ ಅಂತ ಕೇಳಿದರು. ನಾನು ದಸರಾ ಕಳೆಯಲಿ ಅಂದೆ. ಮದುವೆ ಆಲ್ಬಮ್ಮುಗಳು ತಲೆಯ ಮೇಲೆ ಕೂತಿವೆ ಅಂದೆ. ಅದು ಅರ್ಧ ನಿಜ. ನೀನು ನಮ್ಮ ಮನೆಗೆ ಬಂದದ್ದು ನಿಮ್ಮಪ್ಪನಿಗೆ ಗೊತ್ತಾದರೆ ಸ್ಟುಡಿಯೊ ಬಾಗಿಲು ಹಾಕಬೇಕಾಗುತ್ತದೆ ಅನ್ನುವುದು ಇನ್ನರ್ಧ. ಒಂದು ಗಂಟೆಯ ದಾರಿ. ನಾನೇ ಬಸ್ಸು ಹತ್ತಿ ಬಂದು ನಿನ್ನ ಬಾಗಿಲು ತಟ್ಟಿದ್ದರೆ ನೀನು ಬೈದಾದರೂ ಬರುತ್ತಿದ್ದೆ. ಅವರು ಬಾಗಿನದ ಸಾಮಾನನ್ನು ಹಾಗೇ ಚೀಲಕ್ಕೆ ತುಂಬಿಕೊಂಡು ಎದ್ದು ಹೋದರು. ಆ ಮೇಲೆ ಅವರು ಬರಲಿಲ್ಲ. ನನ್ನನ್ನು ನೀನು ಕ್ಷಮಿಸಬೇಕಾದದ್ದು ಇದಕ್ಕೆ, ಫೋಟೊಕ್ಕಲ್ಲ. ಕ್ಷಮಿಸು ಅಂತ ಕೇಳುವ ಮುಖ ನನಗಿಲ್ಲ.

ತಿಥಿಯ ಫೋಟೊಕ್ಕೆ ಶಿವರಾಜು ಗೋಡೆ ಮೇಲಿದ್ದದ್ದನ್ನೇ ತಂದಿದ್ದ. ಅದರಲ್ಲಿ ಅವ್ವನ ಪಕ್ಕ ನಾನು ಕೂರಿಸಿದ ಆ ಕುರ್ಚಿ. ನಾನು ಅದನ್ನು ಮುಟ್ಟಲಿಲ್ಲ. ಹಳೆಯದನ್ನು ತೆಗೆದು, ಅದರಿಂದ ನಿಮ್ಮವ್ವನೊಬ್ಬರನ್ನೇ ಕತ್ತರಿಸಿಕೊಂಡೆ. ಮೂಲೆಯಲ್ಲಿ ಅವರ ಕೈ, ಕೈ ಕೆಳಗೆ ನಿನ್ನ ಹಸಿರು ಸೀರೆಯ ಹೆಗಲು ಎರಡು ಬೆರಳಗಲ. ಅದನ್ನು ಬೇಕೆಂದೇ ಬಿಟ್ಟೆ. ಫ್ರೇಮು ತೆಗೆದುಕೊಳ್ಳಲು ಬಂದ ಶಿವರಾಜು ಬಹಳ ಹೊತ್ತು ನೋಡಿದ. ತೆಗೆಯಬೇಕಾ ಅಂತ ಕೇಳಿದೆ. “ಇರ್ಲಿ ಬುಡಕ್ಕ. ಅವ್ವ ಇಡ್ಕಂಡವ್ಳೆ” ಅಂದ. ನಿನ್ನೆ ನಾನೂ ಹೋಗಿದ್ದೆ, ಚಪ್ಪರದ ಆಚೆ ನಿಂತಿದ್ದೆ. ನಿಮ್ಮಪ್ಪ ಊದುಬತ್ತಿ ಹಿಡಿದು ಫೋಟೊದ ಮುಂದೆ ನಿಂತವರು ಅದು ಅರ್ಧ ಉರಿಯುವ ತನಕ ಸಿಕ್ಕಿಸಲೇ ಇಲ್ಲ. ಏನು ಕಂಡರೋ, ಏನು ನೆನೆದರೋ ಗೊತ್ತಿಲ್ಲ.

ನೀನಿರುವ ಫೋಟೊದ ಒಂದು ಪ್ರಿಂಟ್ ಈ ಕವರಿನಲ್ಲಿದೆ. ಪುನೀತ್ ಮನೆಯಲ್ಲಿರುವಾಗ ನೋಡು, ಒಬ್ಬಳೇ ಇದ್ದಾಗ ಬೇಡ.

ಇಂತಿ,
ಎಲ್ಲ ತಿಳಿದೂ ಬಾಯಿ ಮುಚ್ಚಿಕೊಂಡಿದ್ದ ನಿನ್ನ
ನಾಗಮಣಿ

ಕವರು ಅಂಟಿಸುವ ಮೊದಲು ಇನ್ನೊಂದು ಮಾತು: ಇದನ್ನು ನಿನಗೆ ಹೇಳುವುದಿಲ್ಲ ಅಂತ ನಿಮ್ಮವ್ವನಿಗೆ ಭಾಷೆ ಕೊಟ್ಟಿದ್ದೆ. ಅವರು ಹೋದ ಮೇಲೂ ಉಳಿಸಿಕೊಳ್ಳೋಣ ಅಂದುಕೊಂಡೇ ಮೇಲಿನದೆಲ್ಲ ಬರೆದೆ. ಆಗುತ್ತಿಲ್ಲ. ನಿನ್ನನ್ನು ತೆಗೆಯಲು ಹೇಳಿದ್ದು ನಿಮ್ಮಪ್ಪ ಅಲ್ಲ. ನೀನು ಹೋದ ಹನ್ನೊಂದನೇ ದಿನಕ್ಕೆ ನಿನ್ನ ತಿಥಿ ಮಾಡಿ ಊರಿಗೆಲ್ಲ ಊಟ ಹಾಕಿಸುತ್ತೇನೆ, ನನ್ನ ಪಾಲಿಗೆ ಸತ್ತಳು ಅಂತ ನಿಮ್ಮಪ್ಪ ಹಟ ಹಿಡಿದಿದ್ದರು. ಮುಂದಿಡಲು ನಿನ್ನ ಫೋಟೊ ಬೇಕಿತ್ತು. ನಿಮ್ಮವ್ವ ನಿನ್ನ ಶಾಲೆಯ ಫೋಟೊಗಳನ್ನೆಲ್ಲ ಒಲೆಗೆ ಹಾಕಿದರು. ತನ್ನ ಫೋನಿನಲ್ಲಿ ಒಂದೂ ಇಲ್ಲ ಅಂತ ಶಿವರಾಜು ಹೇಳಿದನಂತೆ. ಗೋಡೆ ಮೇಲಿನದೊಂದೇ ಉಳಿದಿತ್ತು. ಅದನ್ನು ಚೀಲದಲ್ಲಿ ಮುಚ್ಚಿ ಬೆಳಗಿನ ಮೊದಲ ಬಸ್ಸಿಗೆ ತಂದರು. ನಿನ್ನ ಫೋಟೊ ಬೇಕು ಅಂತ ನಿಮ್ಮಪ್ಪ ಹೇಳಿ ಕಳಿಸಿದಾಗ ಕಂಪ್ಯೂಟರ್ ಸುಟ್ಟುಹೋಗಿದೆ ಅಂದವಳು ನಾನು. ಫೋಟೊ ಇಲ್ಲದೆ ತಿಥಿ ಮುಂದಕ್ಕೆ ಹೋಯಿತು, ಆಮೇಲೆ ನಿಂತೇ ಹೋಯಿತು. ಇದು ನಿನಗೆ ಗೊತ್ತಾದರೆ ಜನ್ಮದಲ್ಲಿ ಅಪ್ಪನ ಮುಖ ನೋಡುವುದಿಲ್ಲ, ಅದಕ್ಕಿಂತ ತಮ್ಮ ಮೇಲೇ ಕೋಪ ಇರಲಿ ಅಂತ ಭಾಷೆ ತೆಗೆದುಕೊಂಡರು. ಅವತ್ತು ಚೀಲ ಕೆಳಗಿಡದೆ ನಿಂತೇ ಹೇಳಿದ್ದು ಇಷ್ಟು: “ಅಳಿಸ್ಬುಡವ್ವ ನಾಗಮಣಿ. ಇದ್ರೆ ಹೂವಿನಾರ ಆಕ್ಬುಡ್ತರೆ. ನನ್ ಮಗ್ಳು ಬದ್ಕವ್ಳೆ.”