ಬೆಟ್ಟ ಸಿಡಿಸುವ ಮುನ್ನ ಒಂದು ಟವೆಲ್

ಕಾಲುವೆ ಪ್ರಾಧಿಕಾರದ ಮಾನ್ಯ ಅಧ್ಯಕ್ಷರೇ,

ಅಣುಬಾಂಬಿನಿಂದ ಕಾಲುವೆ ತೋಡುವ ತಮ್ಮ ಯೋಜನೆಯನ್ನು ಕಳೆದ ತಿಂಗಳು, ತಾವು ನೆರವು ಕೇಳಲು ಬಂದಾಗ, ಜಪಾನಿನ ತ್ಸುಕುಬಾದ ವಿಜ್ಞಾನಿಗಳಿಗೆ ಜಪಾನಿ ಭಾಷೆಯಲ್ಲಿ ಹೇಳಿದವಳು ನಾನು. ಅಂದು ನಡೆದದ್ದು "ಅನುವಾದದ ತಪ್ಪು" ಎಂದು ನಾನೀಗ ಬರೆದುಕೊಡಬೇಕಂತೆ, ಇಲ್ಲದಿದ್ದರೆ ನನ್ನ ಕೆಲಸಕ್ಕೆ ಕುತ್ತಂತೆ. ತಮ್ಮ ಕಚೇರಿಯಿಂದ ಹಾಗೆಂದು ಬಂದ ಫೋನಿಗೆ ಈ ಬಹಿರಂಗ ಪತ್ರದಲ್ಲಿ ಎಲ್ಲರೆದುರೇ ಉತ್ತರ ಕೊಡುತ್ತಿದ್ದೇನೆ.

ತಮ್ಮ ಎದೆಗಾರಿಕೆ ದೊಡ್ಡದು ಸ್ವಾಮಿ! ಅಣುಬಾಂಬಿನ ಪ್ರಯೋಜನವನ್ನು ಜಪಾನಿನವರಿಗೆ ವಿವರಿಸಲು ವಿಮಾನ ಹತ್ತಿ ಬಂದಿರಿ. ಕಾಲುವೆಗೆ ಅಡ್ಡವಿರುವ, ಜೆಸಿಬಿಗೆ ವರ್ಷಗಟ್ಟಲೆ ಹಿಡಿಯುವ ಬಿಲ್ಲಗುಡ್ಡ ಒಂದೇ ಏಟಿಗೆ ಮಾಯವಂತೆ. ಊರಿನವರು ನಾಲ್ಕು ದಿನ ನೆಂಟರ ಮನೆಯಲ್ಲಿದ್ದು ಬಂದರೆ ಸಾಕಂತೆ. ಕಾಲುವೆಯ ನೀರಿಗೆ ಇಳಿಯಕೂಡದೆಂದು ವಿಕಿರಣಕ್ಕೂ ಸುತ್ತೋಲೆ ಕಳಿಸಿದ್ದೀರಾ? ಫುಕುಶಿಮಾದಲ್ಲಿ ಕೆರೆದು ತೆಗೆದ ಮಣ್ಣನ್ನು ಕೊನೆಗೆ ಎಲ್ಲಿಡುವುದೆಂದು ಇಲ್ಲಿ ಇನ್ನೂ ಜಾಗ ಹುಡುಕುತ್ತಿದ್ದಾರೆ.

ಅದೇ ವಾರ ನಮ್ಮ ಮೇಲಿನ ಮನೆಯಲ್ಲಿ ಬಾತ್‌ರೂಂ ರಿಪೇರಿ ಇತ್ತು. ಗುತ್ತಿಗೆದಾರ ಬಂದು, ಕೈಗೊಂದು ಟವೆಲ್ ಕೊಟ್ಟು, ಸೊಂಟ ಬಗ್ಗಿಸಿ, "ಸುಮಿಮಾಸೆನ್, ಎರಡು ದಿನ ಸದ್ದಾಗುತ್ತದೆ" ಎಂದು ಕ್ಷಮೆ ಕೇಳಿ ಹೋದ. ಗೋಡೆಗೆ ಡ್ರಿಲ್ ಇಡುವ ಮುನ್ನ ಅಕ್ಕಪಕ್ಕದವರಿಗೆ ಟವೆಲಿನಂಥ ಸಣ್ಣ ಉಡುಗೊರೆ ಕೊಟ್ಟು ಹೀಗೆ ಹೇಳುವುದು ಇಲ್ಲಿಯ ರೂಢಿ. ಹಾಗಾಗಿ ಸಭೆಯಲ್ಲಿ ಹಿರಿಯ ವಿಜ್ಞಾನಿ ಮೊರಿತಾ ಸಾನ್ ಬಾಂಬಿನ ಗಾತ್ರ ಕೇಳಲಿಲ್ಲ. "ಊರಿನವರ ಮನೆಗಳಿಗೆ ಹೋಗಿ ತಿಳಿಸಿದವರು ಯಾರು?" ಎಂದು ಕೇಳಿದರು.

ತಾವು ನನ್ನ ಕಡೆ ವಾಲಿ ಅಂದಿರಿ: "ಅಯ್ಯೋ, ಅವರನ್ನೆಲ್ಲ ಎಲ್ಲಿ ಕೇಳ್ಕೊಂಡು ಕೂರೋದು ಮೇಡಂ? ಎಲ್ಲಾ ಒಪ್ಪಿದಾರೆ ಅಂತ ಹೇಳ್ಬಿಡಿ."

ಬಿಲ್ಲಗುಡ್ಡದ ಬುಡದ ಶಾಲೆಯಲ್ಲಿ ಪಾಠ ಹೇಳುವವಳು ನಮ್ಮಕ್ಕ ರತ್ನಾ. ಹಿಂದಿನ ದಿನವಷ್ಟೇ ಫೋನಿನಲ್ಲಿ ಕೇಳಿದ್ದೆ. "ಕಾಲುವೆನಾ? ಯಾವ ಕಾಲುವೆ ಕಣೇ? ನಾವಿಲ್ಲಿ ಸ್ಕೂಲಿಗೆ ಹೊಸ ಕಾಂಪೌಂಡ್ ಕಟ್ಟಿಸ್ತಿದೀವಿ," ಎಂದಿದ್ದಳು. ಹಾಗಾಗಿ ಸಭೆಯಲ್ಲಿ ನನಗೆ ಮೈಯೆಲ್ಲ ಉರಿದುಹೋಯಿತು. ತಮ್ಮ ಮಾತನ್ನು, ಆ "ಅಯ್ಯೋ" ಸಮೇತ, ಒಂದಕ್ಷರ ಬಿಡದೆ ಜಪಾನಿಯಲ್ಲಿ ಹೇಳಿಬಿಟ್ಟೆ. ಮೊರಿತಾ ಸಾನ್ ಫೈಲು ಮುಚ್ಚಿ, ತಲೆಬಾಗಿ ಎದ್ದುಹೋದರು. ಮರ್ಯಾದೆ ಕೊಟ್ಟರೆಂದುಕೊಂಡು ತಾವೂ ತಲೆಬಾಗಿದಿರಿ.

ಅನುವಾದ ಸರಿಯಾಗಿಯೇ ಇತ್ತು. ಬೇರೆ ರೀತಿ ಬರೆದುಕೊಡುವುದಿಲ್ಲ, ಏನು ಬೇಕಾದರೂ ಮಾಡಿಕೊಳ್ಳಿ. ಈ ಯೋಜನೆಯನ್ನು ಕೈಬಿಡಿ. ಆಗದೆಂದರೆ ಟವೆಲ್ ಹಿಡಿದು ಬಿಲ್ಲಗುಡ್ಡದ ಬುಡದ ಊರಿನ ಒಂದೊಂದು ಬಾಗಿಲನ್ನೂ ತಾವೇ ಬಡಿದು, ಏನು ಮಾಡಹೊರಟಿದ್ದೀರೆಂದು ಹೇಳಿ. ಶಾಲೆಯ ಪಕ್ಕದ ನೀಲಿ ಗೇಟಿನ ಮನೆ ನಮ್ಮಕ್ಕನದು. ಕನ್ನಡದಲ್ಲೇ ಹೇಳಬಹುದು, ಅಲ್ಲಿ ನನ್ನ ಅಗತ್ಯ ಬೀಳುವುದಿಲ್ಲ.

ಇಂತಿ,
ತಾವು ಹೇಳಿದ್ದನ್ನೇ ಹೇಳಿದ ಅಪರಾಧಿ,
ಸಿಂಧೂರಾ
ದುಭಾಷಿ (ಸದ್ಯಕ್ಕೆ), ತ್ಸುಕುಬಾ