ತೊರಗಲ್ಲಿನ ಕೌದಿ

ತೊರಗಲ್, ತಾ. ರಾಮದುರ್ಗ
೧೨ ಆಗಸ್ಟ್ ೧೯೯೮

ನಮ್ಮ ಹೊಲದಲ್ಲಿ ಬಿದ್ದ ವಿಮಾನದ ತನಿಖೆಗೆ ಬಂದಿದ್ದ ಸಾಹೇಬರಿಗೆ ಶರಣು.

ತನಿಖೆಗೆಂದು ನಮ್ಮ ಮನೆಯಿಂದ ಒಯ್ದ ಸಾಮಾನಿನಲ್ಲಿ ಉಳಿದ ಕೌದಿಯನ್ನು ಎಲ್ಲಿಗೆ ಕಳಿಸಬೇಕೆಂದು ಕೇಳಿದ್ದೀರಿ. ಹಗ್ಗ, ಹಾರೆ, ಸಾಣಿಗೆ ಆಗಲೇ ಮುಟ್ಟಿವೆ. ವಿಮಾನದ ಚೂರು ಸೋಸಿದ ಆ ಸಾಣಿಗೆಯಲ್ಲಿ ಹಿಟ್ಟು ಸಾಣಿಸಲು ನನಗೆ ಮನಸ್ಸಾಗುವುದಿಲ್ಲ.

ಅಂದು ಮಳೆ ಹನಿಯುತ್ತಿತ್ತು. ನಿಮ್ಮ ಜೀಪಿನ ಡ್ರೈವರ್ ಮನೆಗೆ ಬಂದು, "ಯವ್ವಾ, ಹೊದಿಸಾಕ ದಪ್ಪಂದು ಏನರ ಐತೇನ್ರಿ?" ಎಂದ. ವಿಮಾನ ಬಡಿದು ಹೊಲದಲ್ಲೇ ಸತ್ತುಬಿದ್ದಿದ್ದ ನಮ್ಮ ಮನೆಯವರಿಗೆ ಎಂದು ತಿಳಿದು, ಅತ್ತೆ ಹೊಲಿದ ಕೌದಿ ಕೊಟ್ಟೆ. ನೀವು ಅದನ್ನು ವಿಮಾನದ ಎಂಜಿನ್ನಿಗೆ ಹೊದಿಸಿದಿರಿ. ನಾನು ಕೇಳಿದ್ದಕ್ಕೆ ಡ್ರೈವರ್, "ಅದು ತೊಯ್ದರ ಸಾಕ್ಷಿ ಕೆಡತೈತ್ರಿ" ಎಂದ. ಮನೆಯವರು ಹರಿದ ಗೊಬ್ಬರದ ಚೀಲದ ಕೆಳಗೆ ಸಂಜೆಯವರೆಗೂ ತೊಯ್ದರು.

ಕೌದಿ ಕಳಿಸಬೇಡಿರಿ. ನಿಮ್ಮ ಕ್ಯಾಮೆರಾ, ಅಳತೆ ಟೇಪು ಇಡುವ ಪೆಟ್ಟಿಗೆಯಲ್ಲೇ ಅದನ್ನೂ ಇಟ್ಟುಕೊಳ್ಳಿರಿ. ಇನ್ನೊಂದು ಊರಿನಲ್ಲಿ ವಿಮಾನ ಬಿದ್ದರೆ, ಅದರ ಕೆಳಗೆ ಸಿಕ್ಕವರಿಗೆ ಹೊದಿಸಿರಿ. ಅತ್ತೆ ಅದನ್ನು ಮನುಷ್ಯರಿಗೆಂದು ಹೊಲಿದಿದ್ದರು.

ಸುಂದರವ್ವ
ಕೋಂ ದಿ. ನಿಜಗುಣಪ್ಪ