ಬಾಗಿಲ ಹಿಂದೆ ಕೇಳಿಸಿದ ಮಾತು

ಮಾನ್ವಿ

ಚಿ. ವಿಶಾಖಾಗೆ ಜೈ ಭೀಮ್, ಜೊತೆಗೆ ಆಶೀರ್ವಾದ.

ದೇವದುರ್ಗದಲ್ಲಿ ನಿನ್ನ ಮದುವೆ ಗೊತ್ತಾಗಿದೆ ಎಂದು ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮಣ್ಣ ಅಯ್ಯಣ್ಣ ಹೇಳಿದ. "ನೀವೂ ಬರಬೇಕ್ರಿ, ತಂಗಿ ಹೇಳ್ಯಾಳ" ಎಂದ. ಬಿಟ್ಟುಹೋದ ಗಂಡನ ತಾಯಿಯನ್ನು ಮದುವೆಗೆ ಕರೆಯುವ ಧೈರ್ಯ ನಿನಗೇ ಇರಬೇಕು. ಹೋಗಲೋ ಬೇಡವೋ ಎಂದು ಅಂದಿನಿಂದ ಒದ್ದಾಡುತ್ತಿದ್ದೇನೆ.

ನಿನಗೂ ನಮ್ಮ ಅಂಬರೀಶನಿಗೂ ಕೋರ್ಟಿನಲ್ಲಿ ಬಿಡುಗಡೆಯಾದ ಮೇಲೆ ನಮ್ಮ ಮನೆಯಲ್ಲಿ ನಿನ್ನ ಹೆಸರು ಎತ್ತುವವರಿರಲಿಲ್ಲ. ಹಾಗಿದ್ದೂ ನನ್ನ ಗರ್ಭಕೋಶದ ಆಪರೇಷನ್ನಿನ ಹಿಂದಿನ ದಿನ ನೀನು ರಾಯಚೂರಿನ ಆಸ್ಪತ್ರೆಗೆ ಬಂದು ನಿಂತೆ. ಗಡ್ಡೆ ಕರುಳಿಗೂ ಅಂಟಿರಬಹುದು, ಕರುಳು ಪೂರ್ತಿ ಖಾಲಿಯಾಗಬೇಕು ಎಂದು ಜಗ್ಗಿನ ತುಂಬ ಔಷಧಿ ಕಲಸಿಟ್ಟಿದ್ದರು. ಉಪ್ಪುಪ್ಪು ನೀರು, ಕುಡಿದರೆ ವಾಕರಿಕೆ. ಅಂಬರೀಶ ನನ್ನನ್ನು ಸೇರಿಸಿ ಶಕ್ತಿನಗರಕ್ಕೆ ಡ್ಯೂಟಿಗೆ ಹೋಗಿದ್ದ. ತಂಗಿ ಹುಲಗೆಮ್ಮ ಕುರ್ಡಿಯಿಂದ ಬರುವುದು ಸಂಜೆಗೆ.

"ಅತ್ತೀ, ಮಾರಿ ಕಿವುಚಬ್ಯಾಡ್ರಿ. ನೀವೊಂದು ಗ್ಲಾಸ್ ಇದನ್ನ ಕುಡೀರಿ, ನಾನೊಂದು ಗ್ಲಾಸ್ ನೀರು ಕುಡೀತೀನಿ. ಯಾರು ಸೋಲ್ತಾರ ನೋಡೂಣ್ರಿ" ಎಂದು ಎದುರಿಗೆ ಕೂತೆ.

ಸೋತವಳು ನಾನೇ. ಒಂದಕ್ಕೆ ಹೋಗಬೇಕಾದರೂ ಬೆರಳೆತ್ತಿ ಕೇಳಬೇಕೆಂದು ಜೀವಮಾನವೆಲ್ಲ ಮಕ್ಕಳಿಗೆ ಕಲಿಸಿದ ಟೀಚರು ನಾನು. ಅಂದು ಬೆರಳೆತ್ತುವಷ್ಟೂ ಪುರುಸೊತ್ತು ಸಿಗಲಿಲ್ಲ. ಮಂಚ ಇಳಿಯುವುದರೊಳಗೆ ಸೀರೆ ಕೆಟ್ಟಿತು. ನೀನು ಸೊಸೆಯಾಗಿದ್ದಾಗ ನಾನು ನಿನಗೆ ನನ್ನ ಒಂದು ಕುಪ್ಪಸವನ್ನೂ ಒಗೆಯಗೊಟ್ಟವಳಲ್ಲ. ಅಂದು ನೀನು ಬಕೆಟ್ ತಂದು ನನ್ನ ಕಾಲು ತೊಳೆದೆ, ಬೇರೆ ಸೀರೆ ಉಡಿಸಿದೆ, ಕೆಟ್ಟದ್ದನ್ನು ಒಗೆದು ಹಿಂಡಿ ಒಣಹಾಕಿದೆ. ನಾಚಿಕೆಯಿಂದ ನಾನು ಗೋಡೆ ಕಡೆ ತಿರುಗಿದ್ದೆ. "ಇರ್ಲಿ ಬಿಡ್ರಿ, ನನ್ನ ಮುಂದ ಏನು" ಎಂದೆ ನೀನು. ನನ್ನ ಬಿಗುಮಾನವೆಲ್ಲ ಅಲ್ಲಿಗೆ ಮುಗಿಯಿತು.

ಮತ್ತೆ ಅವಸರವಾಗಿ ನಾನು ಕಕ್ಕಸಿಗೆ ಓಡಿಹೋಗಿ ಬಾಗಿಲು ಹಾಕಿಕೊಂಡೆ. ಹೊರಗೆ ನರ್ಸ್ ನಿನ್ನನ್ನು ಕೇಳಿದ್ದು ಕೇಳಿಸಿತು: "ಪೇಷಂಟ್ ಜೊತಿ ನೀವೇನ್ರಿ ಇರೋರು? ಅವ್ರು ಏನಾಗಬೇಕು ನಿಮಗ?"

ನೀನು ತಡೆದು ಹೇಳಿದೆ. "ಏನೂ ಆಗಬೇಕಿಲ್ರಿ. ಪರಿಚಯದವ್ರು."

"ನನ್ನ ಸೊಸಿ ಆಕಿ" ಎಂದು ಕೂಗಲು ಬಾಯಿ ತೆರೆದೆ. ಹೊಟ್ಟೆ ಹಿಂಡಿ ಉಸಿರು ಕಟ್ಟಿತು, ನರಳಾಟ ಬಿಟ್ಟು ಬೇರೇನೂ ಹೊರಡಲಿಲ್ಲ. ಗೋಡೆ ಹಿಡಿದು ಹೊರಗೆ ಬರುವಷ್ಟರಲ್ಲಿ ನರ್ಸ್ ಹೋಗಿದ್ದಳು. ಹುಲಗೆಮ್ಮ ರೊಟ್ಟಿಗಂಟು ಹಿಡಿದು ನಿಂತಿದ್ದಳು. "ಆಪರೇಷನ್ ಆಗೋತನಕ ಇದೇನೂ ಕೊಡಬ್ಯಾಡ್ರಿ" ಎಂದು ಅವಳಿಗೆ ಹೇಳಿ, ನನ್ನ ಸೆರಗು ಸರಿಮಾಡಿ ನೀನು ಹೊರಟೆ. ತಂಗಿಯ ಎದುರು ನಿನ್ನನ್ನು ತಡೆಯಲು ಅಂಜಿ ನಾನು ಮಂಚದ ಕಡೆ ನಡೆದೆ.

ಕರುಳಿಗೆ ಏನೂ ಆಗದೆ ಗಡ್ಡೆ ಹೊರಬಂತು. ಈಗ ಗಟ್ಟಿಯಾಗಿದ್ದೇನೆ, ರೊಟ್ಟಿ ಉಣ್ಣುತ್ತೇನೆ. ಅಂದು ಆ ಒಂದು ಮಾತು ಹೊರಡಲಿಲ್ಲವಲ್ಲ ಎಂದು ಉಣ್ಣುವಾಗಲೆಲ್ಲ ನೆನಪಾಗಿ ಸಂಕಟವಾಗುತ್ತದೆ.

ನಿನ್ನ ಮದುವೆಗೆ ನಾನು ಬರುವುದಿಲ್ಲ, ಮಗಳೇ. ಬಂದರೆ ನಿನ್ನ ಹೊಸ ಅತ್ತೆ "ಈಕಿ ಯಾರವ್ವಾ?" ಎಂದು ಕೇಳುತ್ತಾಳೆ. ನೀನು ಮತ್ತೆ ತಡೆದು ಉತ್ತರ ಹುಡುಕಬೇಕಾಗುತ್ತದೆ. ಅದನ್ನು ಇನ್ನೊಮ್ಮೆ ಕೇಳುವ ಶಕ್ತಿ ನನಗಿಲ್ಲ. ಆ ತಾಯಿಯನ್ನು ನೆನೆದರೆ ನನಗೆ ಹೊಟ್ಟೆಕಿಚ್ಚು, ಸುಳ್ಳು ಯಾಕೆ ಹೇಳಲಿ. ಅವಳು ಕಾಯಿಲೆ ಬಿದ್ದ ದಿನ ನೀನು ಪಕ್ಕದಲ್ಲಿ ಕೂತರೆ, ಅವಳು ನಿನಗೆ ಏನಾಗಬೇಕೆಂದು ಯಾರೂ ಕೇಳುವುದಿಲ್ಲ.

ನಿನ್ನ ಬಾಳು ಹಸನಾಗಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ಅಮರಮ್ಮ